ಶಾಸಕ ಸ್ಥಾನಕ್ಕೆ ನಾಮಪತ್ರ: ಎಡವೋದು ಎಲ್ಲಿ?

ನಿಮ್ಮ ಹೆಸರು ಅಥಣಿ ಮತದಾರರ ಪಟ್ಟಿಯಲ್ಲಿದ್ದರೂ ತೇರದಾಳದಲ್ಲಿ ನಿಲ್ಲಬಹುದು. ಪಟ್ಟಿಯ ದೃಢೀಕೃತ ನಕಲು ಕೊಟ್ಟರಾಯಿತು. ವಯಸ್ಸು 25 ತುಂಬಿರಬೇಕು.

ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ಅದೇ ಕ್ಷೇತ್ರದ ಮತದಾರರಾಗಿರಬೇಕು. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬರು ಸಾಕು, ಪಕ್ಷೇತರರಿಗೆ 10 ಮಂದಿ. ಕೆಲಸ ಕೆಡೋದು ಈ ಹತ್ತರಲ್ಲೇ. ತೇರದಾಳ ಕ್ಷೇತ್ರದ ರಬಕವಿಯವರೆಂದು ಸಹಿ ಹಾಕಿಸಿದ ಒಬ್ಬರ ಹೆಸರು ಪಕ್ಕದ ಜಮಖಂಡಿ ಪಟ್ಟಿಯಲ್ಲಿದ್ದರೆ ಲೆಕ್ಕ ಒಂಬತ್ತಕ್ಕಿಳಿದು ನಾಮಪತ್ರವೇ ತಿರಸ್ಕೃತ. 4 ಪ್ರತಿಗಳವರೆಗೆ ಸಲ್ಲಿಸಬಹುದಲ್ಲ, ಎರಡನೆಯದಕ್ಕೆ ಬೇರೆ ಹತ್ತು ಜನರನ್ನು ಹುಡುಕಿ.

ಆಸ್ತಿ, ಸಾಲ, ಮೊಕದ್ದಮೆಗಳನ್ನು ಘೋಷಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಕಲಮೂ ಖಾಲಿ ಬೇಡ. ಸಾಲ ಇಲ್ಲದಿದ್ದರೆ ಗೆರೆ ಎಳೆಯದೆ ‘ಇಲ್ಲ’ ಎಂದೇ ಬರೆಯಿರಿ.

ಠೇವಣಿ ₹10,000, ಪರಿಶಿಷ್ಟರಿಗೆ ಅರ್ಧ. ಚೆಕ್ ನಡೆಯೋದಿಲ್ಲ. ಚುನಾವಣಾ ವೆಚ್ಚಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರ ಸಲ್ಲಿಸುವ ಹಿಂದಿನ ದಿನವೇ ತೆರೆದಿರಿ. ಕೊನೆಯ ದಿನ ಮೆರವಣಿಗೆಯಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ 3 ದಾಟಿಸಬೇಡಿ.