ಕಾಂಕಾರ್ಡ್ ರಾಕೆಟ್: ಮೂತಿಗೆ ಸೀಸ, ಬಾಲಕ್ಕೆ ಕಾಗದ

ಹಾರುವ ಮಾದರಿ ರಾಕೆಟ್ ಕಟ್ಟಲು, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡನ್ನು ಆರಿಸಿಕೊಂಡದ್ದು ಅದರ ಚೆಲುವಿಗೆ ಮರುಳಾಗಿ ಮಾತ್ರವಲ್ಲ, ಅದರ ನೀಳ ಕತ್ತಿನ ಕಾರಣಕ್ಕೂ. ರಾಕೆಟ್ ನೆಟ್ಟಗೆ ಹಾರಬೇಕಾದರೆ ಗುರುತ್ವ ಕೇಂದ್ರ ಮುಂದಿರಬೇಕು, ಗಾಳಿಯ ಬಲ ಒಟ್ಟುಗೂಡುವ ಒತ್ತಡ ಕೇಂದ್ರ ಹಿಂದಿರಬೇಕು. ನಡುವೆ ರಾಕೆಟ್ಟಿನ ದೇಹವಾದ ಕೊಳವೆಯ ಒಂದು ವ್ಯಾಸದಷ್ಟಾದರೂ ಅಂತರ ಬೇಕು. ಡೆಲ್ಟಾ, ಅಂದರೆ ತ್ರಿಕೋನ ರೆಕ್ಕೆಯ ಜೆಟ್‌ಗಳು ಈ ಲೆಕ್ಕಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ರೆಕ್ಕೆ ಮೂತಿಯತ್ತ ಚಾಚಿದಷ್ಟೂ ಒತ್ತಡ ಕೇಂದ್ರವೂ ಮುಂದೆ ಬಂದು ಕೂರುತ್ತದೆ. ಕಾಂಕಾರ್ಡ್‌ನಲ್ಲಿ ರೆಕ್ಕೆಗಿಂತ ಮುಂದೆ ಸಾಕಷ್ಟು ದೇಹವಿದೆ. ಆ ತುದಿಯಲ್ಲಿ ತುಸು ಸೀಸ ಇಟ್ಟರೂ ಬಹಳ ಕೆಲಸ ಮಾಡುತ್ತದೆ.

ಅಸಲಿ ವಿಮಾನಕ್ಕೂ ಇದೇ ತಲೆನೋವಿತ್ತು. ಶಬ್ದದ ವೇಗ ದಾಟಿದಾಗ ಅದರ ಒತ್ತಡ ಕೇಂದ್ರ ಸುಮಾರು 2 ಮೀಟರ್ ಹಿಂದೆ ಸರಿಯುತ್ತಿತ್ತು. ತೂಕವನ್ನೂ ಹಿಂದಕ್ಕೆ ಒಯ್ಯಲು ಇಂಧನವನ್ನು ಬಾಲದ ಟ್ಯಾಂಕಿಗೆ ಪಂಪ್ ಮಾಡುತ್ತಿದ್ದರು. ನನ್ನ ಮಾದರಿ ಶಬ್ದದ ವೇಗದ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ಆ ಗೋಜು ನನಗಿಲ್ಲ.

ಅಳತೆ 1:100. 61.66 ಮೀಟರಿನ ವಿಮಾನ 62 ಸೆಂಟಿಮೀಟರಿಗೆ ಇಳಿಯಿತು, ರೆಕ್ಕೆಯ ಹರವು 25.6 ಸೆಂಟಿಮೀಟರ್, ದೇಹ 29 ಮಿಲಿಮೀಟರ್. ಈ ಕೊನೆಯ ಅಂಕಿಯೇ ಅದೃಷ್ಟ: 24 ಮಿಲಿಮೀಟರ್ ವ್ಯಾಸದ ಡಿ12 ಮೋಟಾರು ಅದರೊಳಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಡಿ ವರ್ಗವೆಂದರೆ ಒಟ್ಟು ನೂಕು (ಒತ್ತುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು) 10ರಿಂದ 20 ನ್ಯೂಟನ್-ಸೆಕೆಂಡ್. 12 ಎಂಬುದು ಸರಾಸರಿ ಒತ್ತುಬಲ, ನ್ಯೂಟನ್‌ಗಳಲ್ಲಿ. ಮೋಟಾರು ಸೇರಿ 200 ಗ್ರಾಂ ಮೀರದಿದ್ದರೆ ಒತ್ತುಬಲ ತೂಕದ ಆರು ಪಟ್ಟಾಗುತ್ತದೆ. ಐದು ಪಟ್ಟಿಗಿಂತ ಕಡಿಮೆಯಿದ್ದರೆ ನಾನು ಉಡಾಯಿಸಲು ಒಪ್ಪುವುದಿಲ್ಲ.

ನಯವಾದ ಪೈಪಿನ ಮೇಲೆ ಕಂದು ಕಾಗದವನ್ನು ನೀರು ಬೆರೆಸಿದ ಬಿಳಿ ಗೋಂದಿನಿಂದ ಸುತ್ತಿ ಕೊಳವೆ ಮಾಡಿಕೊಂಡೆ. ರೆಕ್ಕೆಗೆ 2 ಮಿಲಿಮೀಟರ್ ದಪ್ಪದ ಬಾಲ್ಸಾ ಎಂಬ ಹಗುರ ಮರ. ಮುಂಚೂಣಿಯ ಅಂಚು ಬಾಗಿ ಬಾಗಿ ಸಾಗುವುದರಿಂದ ಮರದ ಎಳೆ ಎಲ್ಲೋ ಒಂದು ಕಡೆ ಅಡ್ಡವಾಗಿಯೇ ಬರುತ್ತದೆ, ಬೆರಳು ತಾಗಿದರೆ ಅಲ್ಲೇ ಸೀಳುತ್ತದೆ. ಅದಕ್ಕೆ ಎರಡೂ ಮೈಗೆ ಮುದ್ರಣ ಕಾಗದ ಅಂಟಿಸಿ, ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಒತ್ತಿಟ್ಟೆ. ಒಂದು ಮೈಗೆ ಮಾತ್ರ ಅಂಟಿಸಿದರೆ ಒಣಗುವಾಗ ರೆಕ್ಕೆ ಸೊಟ್ಟಗಾಗುತ್ತದೆ, ಸೊಟ್ಟ ರೆಕ್ಕೆಯ ರಾಕೆಟ್ ಲಾಗ ಹಾಕುತ್ತದೆ. ಅಸಲಿಯ ರೆಕ್ಕೆಗೆ ನವಿರಾದ ತಿರುಚು ಇದೆ. ಅದನ್ನು ಅನುಕರಿಸುವ ಆಸೆಯನ್ನು ಬಿಟ್ಟುಬಿಡಬೇಕು. ಇಲ್ಲಿ ಹಲಗೆಯಂತೆ ಚಪ್ಪಟೆಯಾದದ್ದೇ ಒಳ್ಳೆಯ ರೆಕ್ಕೆ.

ಸ್ಥಿರತೆಯನ್ನು ಎರಡು ದಿಕ್ಕಿನಲ್ಲಿ ನೋಡಬೇಕೆಂಬುದು ಇಂಥ ಆಕಾರಗಳ ವಿಶೇಷ. ಮಾಮೂಲಿ ರಾಕೆಟ್‌ಗೆ ಸುತ್ತಲೂ ಒಂದೇ ಬಗೆಯ ರೆಕ್ಕೆಗಳಿರುತ್ತವೆ. ಇದಕ್ಕೆ ಮೇಲೆ ಕೆಳಗೆ ಹೊರಳುವುದನ್ನು ತಡೆಯಲು ಇಡೀ ಡೆಲ್ಟಾ ಇದೆ, ಎಡಬಲಕ್ಕೆ ಹೊರಳುವುದನ್ನು ತಡೆಯಲು ಬಾಲದ ಮೇಲೆ ನೆಟ್ಟಗೆ ನಿಂತ ಒಂಟಿ ರೆಕ್ಕೆ, ಅಂದರೆ ಫಿನ್ ಅಷ್ಟೇ. ರಟ್ಟಿನಲ್ಲಿ ಮೇಲಿನ ನೋಟ ಒಂದು, ಪಕ್ಕದ ನೋಟ ಒಂದು ಕತ್ತರಿಸಿ ಅಳತೆಪಟ್ಟಿಯ ಅಂಚಿನ ಮೇಲೆ ತೂಗಿಸಿದೆ. ಹೀಗೆ ಸಿಗುವ ಬಿಂದು ಹಾರಾಟದ ಒತ್ತಡ ಕೇಂದ್ರಕ್ಕಿಂತ ಸಾಮಾನ್ಯವಾಗಿ ಮುಂದಿರುತ್ತದೆ, ಆದ್ದರಿಂದ ಅದನ್ನು ನಂಬಿ ಕಟ್ಟಿದರೆ ತಪ್ಪುವುದು ಸುರಕ್ಷಿತ ಕಡೆಗೇ. ಪಕ್ಕದ ನೋಟದ ಬಿಂದು ಎಷ್ಟೋ ಮುಂದೆ ನಿಂತಿತು. ಅದನ್ನು ಹಿಂದಕ್ಕೆ ತಳ್ಳಲು ಬಾಲದಡಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಇನ್ನೊಂದು ಫಿನ್ ಅಂಟಿಸಿದೆ; ನಾಲ್ಕು ಹೆಜ್ಜೆ ದೂರದಿಂದ ಅದು ಕಾಣುವುದಿಲ್ಲ. ಮೂತಿಯ ಬಾಲ್ಸಾವನ್ನು ಟೊಳ್ಳು ಮಾಡಿ ಸೀಸದ ಗುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ. ಅಸಲಿಯಲ್ಲಿ ನೆಲಕ್ಕಿಳಿಯುವಾಗ 12.5 ಡಿಗ್ರಿ ಬಾಗುತ್ತಿದ್ದ ಮೂತಿ ನನ್ನದರಲ್ಲಿ ಯಾವಾಗಲೂ ನೇರ.

ಇನ್ನೊಂದು ಕಾಟವಿದೆ. ರೆಕ್ಕೆ, ಎಂಜಿನ್ ಪೆಟ್ಟಿಗೆಗಳು ಎಲ್ಲ ಹೊಟ್ಟೆಯ ಕೆಳಗೆ. ಮೋಟಾರು ಕೊಳವೆಯ ನಡುವೆ. ಗಾಳಿಯ ಎಳೆತ ಕೆಳಗಿಂದ, ಒತ್ತುಬಲ ಅದಕ್ಕಿಂತ ಮೇಲಿಂದ. ಎರಡೂ ಸೇರಿ ರಾಕೆಟ್ ಹೊಟ್ಟೆಯ ಕಡೆಗೆ ಬಾಗುತ್ತದೆ. ಎಂಜಿನ್ ಪೆಟ್ಟಿಗೆಗಳನ್ನು ತೆಳು ರಟ್ಟಿನಲ್ಲಿ, ಗಾಳಿ ಹಾದುಹೋಗುವಂತೆ ತೆರೆದೇ ಕಟ್ಟಿದೆ, ರೆಕ್ಕೆಯನ್ನು ಕೆಲವು ಮಿಲಿಮೀಟರ್ ಮೇಲಕ್ಕೆತ್ತಿದೆ. ಚಿತ್ರ ಹಿಡಿದು ಹೋಲಿಸುವವರು ಆಕ್ಷೇಪಿಸಿದರೆ ಆಕ್ಷೇಪಿಸಲಿ. ಅಸಲಿಯ ಚೂಪಾದ ಬಾಲವೂ ಮೋಟಾರಿಗೆ ಅಡ್ಡಿ. ಅದನ್ನು ಪ್ರದರ್ಶನಕ್ಕೆ ಮಾತ್ರ ಸಿಕ್ಕಿಸುವ ಮುಚ್ಚಳವಾಗಿ ಮಾಡಿಕೊಂಡೆ.

ಬಿಳಿ ಬಣ್ಣ ತೆಳುವಾಗಿ ಬಳಿದು, ಒಣಗಿದ ಮೇಲೆ ಮೋಟಾರು, ಪ್ಯಾರಾಶೂಟ್ ಸಮೇತ ಗುರುತ್ವ ಕೇಂದ್ರವನ್ನು ಮತ್ತೆ ನೋಡಿದೆ. ರೆಕ್ಕೆಯ ಮೇಲಿನ ಬಣ್ಣದ ತೂಕವೆಲ್ಲ ಹಿಂಭಾಗಕ್ಕೇ ಸೇರುವುದರಿಂದ ಇನ್ನೂ ನಾಲ್ಕು ಗುಂಡು ಬೇಕಾಯಿತು. ಅನಂತರ ಆ ಬಿಂದುವಿಗೆ ದಾರ ಕಟ್ಟಿ ಬಯಲಿನಲ್ಲಿ ತಲೆಯ ಸುತ್ತ ಬೀಸಿದೆ. ಮೂತಿ ಮುಂದಾಗಿಯೇ ಸುತ್ತಿತು, ಅಂದರೆ ರಾಕೆಟ್ ಸ್ಥಿರ.

ಹಾರಿಸಿದಾಗ ಉಡಾವಣೆಯ ಕಂಬಿ ಬಿಟ್ಟ ಮೇಲೆ ಹೊಟ್ಟೆಯ ಕಡೆಗೆ ಒಂದಿಷ್ಟು ಬಾಗಿತು; ಆ ಕಡೆ ಜನರಿಲ್ಲದಂತೆ ಮೊದಲೇ ತಿರುಗಿಸಿಟ್ಟಿದ್ದೆ. ಮೋಟಾರು ಉರಿದು ಮುಗಿದ ಕೂಡಲೇ ಅಗಲ ರೆಕ್ಕೆ ವೇಗವನ್ನು ನುಂಗಿಬಿಡುತ್ತದೆ. ಹಾಗಾಗಿ ಉರಿದು ಮುಗಿದ 5 ಸೆಕೆಂಡಿನ ಮೇಲೆ ಪ್ಯಾರಾಶೂಟ್ ಹೊರತಳ್ಳುವ ಮೋಟಾರು ಇದಕ್ಕೆ ಸಲ್ಲದು. 3 ಸೆಕೆಂಡಿನದನ್ನೇ ಹಾಕಿದ್ದೆ. ಮೂತಿ ಕೆಳಗೆ ತಿರುಗುವ ಹೊತ್ತಿಗೆ ಪ್ಯಾರಾಶೂಟ್ ಹೊರಬಂದಿತ್ತು.