ಕೌದಿ ನೋಡೋಕೆ ಹೋದರೆ ಬೆನ್ನು ನೋಡಿ

ಹಾಸನದಿಂದ ಬೆಂಗಳೂರಿಗೆ ಕೌದಿ, ಅದೇ ಹಳೇ ಬಟ್ಟೆ ತೇಪೆ ಸೇರಿಸಿ ಹೊಲಿದ ಹೊದಿಕೆ, ನೋಡೋಕೆ ಹೋಗ್ತೀನಿ ಅಂದಾಗ ನಮ್ಮ ಯಜಮಾನರು ನಕ್ಕಿದ್ದರು. "ಅಟ್ಟದ ಮೇಲೆ ನಿಮ್ಮಜ್ಜಿ ಹೊಲಿದದ್ದು ಎರಡು ಬಿದ್ದಿವೆಯಲ್ಲೇ, ಅದನ್ನೇ ಕೆಳಗಿಳಿಸಿ ನೋಡು" ಅಂದರು. ನಗಲಿ ಬಿಡಿ. ಭಾನುವಾರ ಕೂತು ಧಾರಾವಾಹಿಯ ಮರುಪ್ರಸಾರ ನೋಡೋದಕ್ಕಿಂತ ಇದು ಎಷ್ಟೋ ವಾಸಿ.

2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಹಾದಿ ಆದಮೇಲೆ ಅರಸೀಕೆರೆ ಸುತ್ತೋ ಗೋಳೂ ಇಲ್ಲ. ಬರೀ ಕೌದಿಯದೇ ಮೇಳ ನಮ್ಮ ಕಡೆ ಅಪರೂಪ. ಆದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ವರ್ಷಕ್ಕೆ ಹಲವು ಸಲ ಕರಕುಶಲ ಮೇಳ ನಡೆಯುತ್ತೆ. ಬಂಗಾಳದ ಕಾಂಥಾ ಹೊದಿಕೆ, ಜೈಪುರದ ಹತ್ತಿ ತುಂಬಿದ ರಜಾಯಿ, ಅದೃಷ್ಟ ಇದ್ದರೆ ನಮ್ಮ ಉತ್ತರ ಕರ್ನಾಟಕದ ಕೌದಿ, ಎಲ್ಲ ಒಂದೇ ಅಂಗಳದಲ್ಲಿ ಸಿಗುತ್ತವೆ. ಬುತ್ತಿಗೆ ಮಾತ್ರ ಚಿತ್ರಾನ್ನ ಕಟ್ಟಬೇಡಿ. ಅರಿಶಿನ ಹತ್ತಿದ ಕೈಯಲ್ಲಿ ಇನ್ನೊಬ್ಬರ ಆರು ತಿಂಗಳ ಕೆಲಸ ಮುಟ್ಟಿದರೆ ಆ ಕಲೆ ಜನ್ಮಕ್ಕೆ ಹೋಗೋಲ್ಲ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಸಾಕು. ತಿಂದಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮುಟ್ಟೋ ಮುಂಚೆ ಕೇಳಿ, ತಾಯಿ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹೆಚ್ಚೂಕಮ್ಮಿ ನಮ್ಮ ದೀಪಾವಳಿ ಹೊತ್ತಿಗೆ ದೊಡ್ಡ ಕ್ವಿಲ್ಟ್ ಮೇಳ, ಅಂದರೆ ಅವರ ಕಡೆಯ ಕೌದಿ ಮೇಳ, ಆಗುತ್ತೆ. ಮಗಳ ಮನೆಗೆ ಹೋದಾಗ ನೋಡಿ ಬಂದೆ. ಅಲ್ಲಿ ಬಿಳಿ ಕೈಗವಸು ಹಾಕಿಕೊಂಡ ಹೆಂಗಸರು ನಿಂತಿರ್ತಾರೆ. ನೋಡೋ ಜನ ಮುಟ್ಟೋ ಹಾಗಿಲ್ಲ, ಕೇಳಿದರೆ ಅವರೇ ಅಂಚು ಎತ್ತಿ ಹಿಂಬದಿ ತೋರಿಸ್ತಾರೆ. ನನಗೆ ಅರ್ಧ ಬುದ್ಧಿ ಬಂದದ್ದೇ ಅಲ್ಲಿ. ಎಲ್ಲರೂ ಬಣ್ಣ ನೋಡ್ತಾರೆ, ಬಲ್ಲವರು ಬೆನ್ನು ನೋಡ್ತಾರೆ.

ಬೆನ್ನಲ್ಲಿ ಏನಿರುತ್ತೆ ಅಂತೀರಾ? ಮೊದಲನೆಯದು, ಅದು ಕೌದಿಯೋ ಕೌದಿಯ ಚಿತ್ರವೋ ಅನ್ನೋದು. ತೇಪೆಗಳನ್ನು ಬಟ್ಟೆ ಮೇಲೆ ಬರೀ ಅಚ್ಚು ಹಾಕಿ ಮಾರೋರಿದ್ದಾರೆ. ಅಂಥದರಲ್ಲಿ ತೇಪೆಯ ಅಂಚಿಗೆ ಬೆರಳಾಡಿಸಿದರೆ ಜೋಡಣೆಯೇ ಸಿಗೋಲ್ಲ. ಕೈಹೊಲಿಗೆಯಾದರೆ ಹಿಂದೆಯೂ ದಾರ ಅಕ್ಕಿಕಾಳಿನ ಹಾಗೆ ಬಿಟ್ಟುಬಿಟ್ಟು ಕಾಣುತ್ತೆ. ಒಂದು ಕಾಳು ದಪ್ಪ, ಒಂದು ನುಚ್ಚು ಅನ್ನೋ ಹಾಗಿದ್ದರೆ ತಪ್ಪು ತಿಳೀಬೇಡಿ. ಮಿಷನ್ನಿನದು ಎರಡೂ ಕಡೆ ಎಡೆಬಿಡದ ಗೆರೆ. ಮಿಷನ್ ಹೊಲಿಗೆ ಕೆಟ್ಟದ್ದು ಅಂತಲ್ಲ, ಕೈಹೊಲಿಗೆಯ ದರ ಅದಕ್ಕೆ ಕೊಡಬಾರದು ಅಷ್ಟೇ.

ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿ ಕಣ್ಣಿಗೆ ಬಿದ್ದರೆ ಹತ್ತು ನಿಮಿಷ ಹೆಚ್ಚು ನಿಲ್ಲಿ. ಆಫ್ರಿಕಾ ಮೂಲದಿಂದ ಬಂದು ಕಾಡಿನಂಚಿನಲ್ಲಿ ನೆಲೆಸಿದ ಜನ ಅವರು. ಅಂಚಿನಿಂದ ಶುರುಮಾಡಿ, ಸುತ್ತಿಕೊಂಡು, ನಡುವಿಗೆ ಬಂದು ಮುಗಿಸ್ತಾರೆ. ಚಚ್ಚೌಕದ ಲೆಕ್ಕ ಇಲ್ಲ, ಅಳತೆಗೋಲಿಲ್ಲ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿದ ಪುಟ್ಟ ಹೂ. ಆ ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ನಮ್ಮಜ್ಜಿ ಕೌದಿಗಳಲ್ಲಿ ಹೂವಿಲ್ಲ, ಬರೀ ಸೀರೆ ಸೆರಗುಗಳು. ಒಂದರಲ್ಲಿ ನಮ್ಮಮ್ಮನ ಧಾರೆ ಸೀರೆಯ ಚೂರಿದೆ ಅಂತ ಈಚೆಗೆ ಗೊತ್ತಾಯಿತು. ಯಜಮಾನರಿಗೆ ಹೇಳಿಲ್ಲ, ಹೇಳಿದರೆ "ನಾನು ಹೇಳಲಿಲ್ವಾ" ಅಂತಾರೆ.

ಕೊಳ್ಳೋದಾದರೆ ಮಂಚದ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಟೇಪು ಜೊತೆಗಿರಲಿ. ಒಂದು ಬಿಳಿ ಕರ್ಚೀಫೂ ಬೇಕು. ಅದನ್ನು ಒದ್ದೆ ಮಾಡಿ, ಮಾರೋರನ್ನು ಕೇಳಿ, ಮೂಲೆಯ ಕೆಂಪು, ಕಡುನೀಲಿ ತೇಪೆ ಮೇಲೆ ಉಜ್ಜಿ ನೋಡಿ. ಒಮ್ಮೆ ಅವಸರದಲ್ಲಿ ಇದನ್ನು ಮಾಡದೆ ತಂದು, ಮೊದಲ ಒಗೆತದಲ್ಲೇ ಯಜಮಾನರ ಎರಡು ಪಂಚೆ ಗುಲಾಬಿ ಆದವು. ಮಾರಿದವನು ಮುಂದಿನ ಮೇಳದಲ್ಲಿ ನನ್ನನ್ನು ಕಂಡು ಬೆನ್ನು ತಿರುಗಿಸಿದ.

ತಂದಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಇಡಲೇಬೇಡಿ. ನಮ್ಮ ಮಳೆಗಾಲಕ್ಕೆ, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಕಡೆಯವರಾದರೆ, ಒಂದೇ ತಿಂಗಳಲ್ಲಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತೆ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಜೊತೆಗಿಡಿ. ಒಗೆಯೋ ಕೆಲಸ ಶಿವರಾತ್ರಿ ಬಿಸಿಲಿಗೆ ಇಟ್ಟುಕೊಳ್ಳಿ. ನೆಂದ ಕೌದಿ ಎತ್ತೋಕೆ ಇಬ್ಬರು ಬೇಕು, ಒಂದೇ ಹಗ್ಗಕ್ಕೆ ಹಾಕಿದರೆ ಹೊಲಿಗೆ ಜಗ್ಗುತ್ತೆ, ಎರಡು ಹಗ್ಗದ ಮೇಲೆ ಹರಡಿ. ಎರಡು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಮಡಿಚಿ, ಇಲ್ಲದಿದ್ದರೆ ಮಡಿಕೆ ಬಿದ್ದ ಜಾಗದಲ್ಲೇ ಬಟ್ಟೆ ಸವೆಯುತ್ತೆ. ಅಟ್ಟದ ಮೇಲಿದ್ದ ಆ ಎರಡರಲ್ಲಿ ಒಂದು ಹಾಗೇ ನಡುವೆ ಸೀಳಿದೆ. ಈಗ ಅದಕ್ಕೆ ತೇಪೆ ಹಾಕ್ತಾ ಕೂತಿದ್ದೀನಿ, ಗುಲಾಬಿ ಪಂಚೆಯದು.