ದೂರದ ವಿಮಾನ ಪ್ರಯಾಣಕ್ಕೆ ಎಷ್ಟು ಗಂಟೆ? ಲೆಕ್ಕ ಹಾಕುವುದು ಹೀಗೆ

ಟಿಕೆಟ್‌ನಲ್ಲಿ ಹೊರಡುವ ಸಮಯ ಇರುತ್ತದೆ, ತಲುಪುವ ಸಮಯವೂ ಇರುತ್ತದೆ. ಒಂದರಿಂದ ಒಂದನ್ನು ಕಳೆದರೆ ಆಯ್ತು ಅಲ್ವಾ? ಆಗಲಿಲ್ಲ. ಹೀಗೆ ಕಳೆದು, ನೆಂಟರನ್ನು ಕರೆತರಲು ಒಂದು ದಿನ ತಪ್ಪಿ ಹೋದವರನ್ನು ನಾನೇ ನೋಡಿದ್ದೇನೆ.

ಮೊದಲು ನಿಲ್ದಾಣದ ಮೂರಕ್ಷರದ ಕೋಡ್ ನೋಡಿಕೊಳ್ಳಿ. ಸ್ಯಾನ್ ಹೊಸೆ ಅಂತ ಕ್ಯಾಲಿಫೋರ್ನಿಯಾದಲ್ಲೂ ಊರಿದೆ, ಕೋಸ್ಟರಿಕಾದಲ್ಲೂ ಇದೆ. ಮೊದಲನೆಯದು ಎಸ್‌ಜೆಸಿ, ಎರಡನೆಯದು ಎಸ್‌ಜೆಒ.

ಆಮೇಲೆ ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಲೇಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದಾಗ ದೂರಗಳೆಲ್ಲ ಕೆಡುತ್ತವೆ. ಒಂದು ಗ್ಲೋಬ್, ಒಂದು ದಾರ ಸಾಕು. ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ದಾರ ಬಿಗಿಯಾಗಿ ಎಳೆಯಿರಿ. ಅದು ನೇರ ಪೂರ್ವಕ್ಕೆ ಹೋಗುವುದಿಲ್ಲ, ಉತ್ತರಕ್ಕೆ, ಅಲ್ಯೂಷಿಯನ್ ದ್ವೀಪಗಳ ಕಡೆಗೆ ಬಾಗುತ್ತದೆ. ಅದೇ ಹತ್ತಿರದ ದಾರಿ. ಗ್ಲೋಬಿನ ಸುತ್ತಳತೆ 80 ಸೆಂ.ಮೀ. ಇದ್ದರೆ 1 ಸೆಂ.ಮೀ. ಅಂದರೆ 500 ಕಿ.ಮೀ., ಯಾಕಂದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ದಾರ ಹದಿನೇಳೂವರೆ ಸೆಂ.ಮೀ. ಬರುತ್ತದೆ, ಅಂದರೆ ಹತ್ತಿರ ಹತ್ತಿರ 8,800 ಕಿ.ಮೀ. ವೆಬ್‌ಸೈಟ್‌ನಲ್ಲಿ ನೋಡುವುದಾದರೆ ಅಂಕಿ ಕಿಲೋಮೀಟರೋ ನಾಟಿಕಲ್ ಮೈಲಿಯೋ ಅಂತ ಗಮನಿಸಿ. 1 ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಂತ ಹಿಡಿದು, ಬಂದ ಕಿ.ಮೀ. ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಇಲ್ಲಿ ಹತ್ತೂಕಾಲು ಗಂಟೆ ಆಯಿತು.

ಎಡವುವುದು ಇನ್ನು ಮುಂದೆ. ಟಿಕೆಟ್‌ನ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟ ವಿಮಾನ ಲಾಸ್ ಏಂಜಲೀಸ್‌ಗೆ ಬೆಳಗ್ಗೆ 10ಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ದಿನಾಂಕ ಮಾತ್ರ ಅದೇ! ಹೊರಡುವ ಮೊದಲೇ ತಲುಪಿದಂತೆ ಕಾಣುತ್ತದೆ. ಗಾಬರಿ ಬೇಡ. ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯಕ್ಕೆ, ತನ್ನಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ 17ರಿಂದ 9 ಕಳೆದು 8 ಗಂಟೆ. ಲಾಸ್ ಏಂಜಲೀಸ್ 8 ಗಂಟೆ ಹಿಂದೆ, ಹಾಗಾಗಿ 10ಕ್ಕೆ 8 ಕೂಡಿಸಿ 18 ಗಂಟೆ. ಈಗ ಕಳೆಯಿರಿ: ಸರಿಯಾಗಿ 10 ಗಂಟೆ. ಮುಂದಿರುವ ಊರಿಗೆ ಕಳೆಯಬೇಕು, ಹಿಂದಿರುವ ಊರಿಗೆ ಕೂಡಿಸಬೇಕು. ಇದನ್ನೇ ಜಾಸ್ತಿ ಜನ ತಿರುಗುಮುರುಗು ಮಾಡುತ್ತಾರೆ. ಮನಸ್ಸಲ್ಲೇ ಮಾಡಬೇಡಿ, ಕಾಗದದ ಮೇಲೆ ಬರೆದೇ ಮಾಡಿ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ಲಾಸ್ ಏಂಜಲೀಸ್‌ಗೆ 8ರ ಬದಲು 7 ಕೂಡಿಸಿ. ಜಪಾನಿನಲ್ಲಿ ಈ ಪದ್ಧತಿ ಇಲ್ಲ. ಟಿಕೆಟ್‌ನಲ್ಲಿ ಸಮಯದ ಪಕ್ಕ +1 ಇದ್ದರೆ ತಲುಪುವುದು ಮರುದಿನ.

ವಾಪಸ್ ಬರುವಾಗ ಇದೇ 10 ಗಂಟೆ ಹಿಡಿಯಬೇಡಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಆಗ ಎದುರುಗಾಳಿ ಆಗುತ್ತದೆ. ಅದೇ ದೂರಕ್ಕೆ ಹನ್ನೊಂದೂವರೆ, ಹನ್ನೆರಡು ಗಂಟೆ ಹಿಡಿಯುತ್ತದೆ. ಸುಮ್ನೆ ದೂರವನ್ನು ವೇಗದಿಂದ ಭಾಗಿಸಿ ಎರಡೂ ಕಡೆಗೆ ಒಂದೇ ಸಮಯ ತೋರಿಸುವ ವೆಬ್‌ಸೈಟ್‌ಗಳನ್ನು ನಾನು ಬಳಸುವುದೇ ಇಲ್ಲ.